ಗಾಡಿಗಿಂತ ಮೊದಲು ಗಾಡಿ ನಿಲ್ಲೋ ಜಾಗ ನೋಡಿ

ಬನದ ಹುಣ್ಣಿಮೆ ಬಂತು, ಬೇಸಿಗೆ ರಜೆ ಬಂತು ಅಂದರೆ ಟಿಟಿ ಮಾಡಿಕೊಂಡು ಹೊರಡುವ ಮನೆಗಳೇ ಹೆಚ್ಚು. ಆದರೆ ದಾರಿಯಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ಬುತ್ತಿ ಬಿಚ್ಚಬೇಕು ಅಂತ ಮೊದಲೇ ಯೋಚಿಸುವವರು ಕಡಿಮೆ. ನರಗುಂದ, ರೋಣ, ಗಜೇಂದ್ರಗಡ ಕಡೆ ಹೊರಟಿರುವ ಗೃಹಿಣಿಯರಿಗೆ ಒಂದಿಷ್ಟು ಕಿವಿಮಾತು.

"ಇಲ್ಲೇ ನಿಲ್ಲಸ್ರಿ. ಇಲ್ಲೊಂದು ದೊಡ್ಡ ಹುಣಸಿ ಮರ ಐತಿ, ಬಾಜೂಕ ಬಾವಿನೂ ಐತಿ. ನಾ ಮದಿವ್ಯಾದ ವರ್ಷ ಇಲ್ಲೇ ಬುತ್ತಿ ಬಿಚ್ಚಿದ್ವಿ."

ಬನಶಂಕರಿ ಜಾತ್ರೆಗೆಂದು ಹುಬ್ಬಳ್ಳಿಯಿಂದ ಹೊರಟ ನಮ್ಮ ಟಿಟಿ ನರಗುಂದ ದಾಟಿದಾಗ ಅತ್ತೆಯವರು ಹೇಳಿದ ಮಾತಿದು. ಡ್ರೈವರ್ ಪಾಪ, ಗಾಡಿ ನಿಧಾನ ಮಾಡಿದ. ಎಲ್ಲರೂ ಕಿಟಕಿಗೆ ಮುಖ ಹಚ್ಚಿ ನೋಡಿದೆವು. ಮರ ಇರಲಿಲ್ಲ. ಬಾವಿಯೂ ಕಾಣಲಿಲ್ಲ. ಅಗಲವಾದ ರಸ್ತೆ, ಅದರಂಚಿಗೆ ತಂತಿ ಬೇಲಿ, ಬೇಲಿಯಾಚೆ ಬೆಳೆ ನಿಂತ ಹೊಲ. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದ. ನಾವು ಮುಂದೆ ಹೋದೆವು.

ಹೀಗೆ "ಇನ್ನೊಂಚೂರು ಮುಂದ, ಇನ್ನೊಂಚೂರು ಮುಂದ" ಅನ್ನುತ್ತಲೇ ಒಂದು ಗಂಟೆ ಕಳೆಯಿತು. ಮಕ್ಕಳಿಗೆ ಹಸಿವು, ಹೆಂಗಸರಿಗೆ ಬೇರೆಯದೇ ಅವಸರ. ಕೊನೆಗೆ ಒಂದು ಪೆಟ್ರೋಲ್ ಬಂಕಿನ ಗೋಡೆಯ ನೆರಳಲ್ಲಿ ನಿಂತುಕೊಂಡೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದಿದ್ದಾಯಿತು. ಅಲ್ಲಿನ ಶೌಚಾಲಯಕ್ಕೆ ಬೀಗ.

ಅವತ್ತು ಸಂಜೆ ಅತ್ತೆಯವರಿಗೆ ತಲೆ ತಿರುಗಿತು. ಮರುದಿನ ಉರಿಮೂತ್ರ, ಚಳಿ ಜ್ವರ. ಡಾಕ್ಟರು ಕೇಳಿದರು, "ಅಜ್ಜೀ, ನಿನ್ನೆ ಎಷ್ಟು ನೀರು ಕುಡಿದ್ರಿ?" ಅತ್ತೆ ಸುಮ್ಮನಿದ್ದರು. ಆಮೇಲೆ ನನ್ನ ಕಡೆ ನೋಡಿ, "ಎಲ್ಲಿ ಇಳೀಬೇಕು ಅಂತ ಗೊತ್ತಿರಲಿಲ್ಲಲ್ಲವಾ, ಅದಕ್ಕ ಮುಂಜಾನಿಂದ ನೀರೇ ಕುಡೀಲಿಲ್ಲ" ಅಂದರು. ಎಂಬತ್ತರ ಜೀವ. ಪಕ್ಕದ ಸೀಟಿನಲ್ಲೇ ಕೂತಿದ್ದ ನನಗೆ ಅದು ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ, ನಮ್ಮ ವೈನಿಯೂ ಅದನ್ನೇ ಮಾಡಿದ್ದೆವು. ನೀವೂ ಮಾಡಿರುತ್ತೀರಿ, ಅಲ್ವಾ?

ಚಕ್ಕಡಿಯೇ ಮನೆಯಾಗಿತ್ತು

ಈಗ ಪೇಟೆಯವರು ಕ್ಯಾರವಾನ್, ಮೋಟಾರ್‌ಹೋಮ್ ಅಂತ ಹೊಸ ಮಾತು ಆಡುತ್ತಾರೆ. ಅಂದರೆ ಮಲಗಲು ಮಂಚ, ಅಡುಗೆ ಕಟ್ಟೆ, ಶೌಚಾಲಯ ಎಲ್ಲವೂ ಒಳಗೇ ಇರುವ ಗಾಡಿ. ಆದರೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಕೊಲ್ಲಾರಿ ಕಟ್ಟಿದ ಚಕ್ಕಡಿಯಲ್ಲಿ ಹಾಸಿಗೆ, ಪಾತ್ರೆ, ಕಟ್ಟಿಗೆ, ಹಿಟ್ಟು, ಎತ್ತಿಗೆ ಹೊಟ್ಟು ಹೇರಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ, ಬಾದಾಮಿ ಹತ್ತಿರದ ಬನಶಂಕರಿಗೋ ಊರಿಗೆ ಊರೇ ಹೊರಡುತ್ತಿತ್ತು.

ಆಗ ಎಲ್ಲಿ ತಂಗಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಎತ್ತು ದಿನಕ್ಕೆ ಐದಾರು ಹರದಾರಿ ನಡೆದರೆ ಹೆಚ್ಚು. ಅಷ್ಟರೊಳಗೆ ಒಂದು ಕೆರೆಯೋ, ಹಳ್ಳವೋ, ಮಠವೋ, ಬಾವಿಯಿರುವ ಮರದ ನೆರಳೋ ಸಿಗಲೇಬೇಕು. ಅಲ್ಲೇ ಕೊಳ್ಳ ಹರಿಯುತ್ತಿದ್ದರು. ಎತ್ತಿಗೆ ನೀರು ಸಿಗುವಲ್ಲಿ ಹೆಂಗಸರಿಗೂ ನೀರು ಸಿಗುತ್ತಿತ್ತು. ಹತ್ತು ಚಕ್ಕಡಿ ಒಟ್ಟಿಗೆ ನಿಂತರೆ ಮರೆಯೂ ಆಯಿತು, ಧೈರ್ಯವೂ ಆಯಿತು. ಹಿರಿಯರಿಗೆ ಪ್ರತಿ ತಂಗುವ ಜಾಗದ ಹೆಸರು ಬಾಯಿಪಾಠ. ನಮ್ಮತ್ತೆ ಹುಡುಕಿದ ಹುಣಸಿ ಮರವೂ ಅಂಥದ್ದೇ ಒಂದು.

ಆ ಜಾಗಗಳು ಎಲ್ಲಿ ಹೋದವು?

ಯಾರೋ ಒಬ್ಬರು ಕಿತ್ತುಕೊಂಡದ್ದಲ್ಲ. ಒಂದೊಂದೇ ಕಾರಣಕ್ಕೆ ಹೋದವು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂತು. ಕಾಲುವೆ ನೀರು ಮುಟ್ಟಿದ ಕಡೆ ಖಾಲಿ ಬಿಡುವ ಹೊಲ ಕಡಿಮೆಯಾಯಿತು. ಅದು ರೈತರಿಗೆ ಒಳ್ಳೆಯದೇ, ದೂರುವ ಮಾತಲ್ಲ. ಹುಬ್ಬಳ್ಳಿಯಿಂದ ನರಗುಂದದ ಮೇಲೆ ವಿಜಯಪುರಕ್ಕೆ ಹೋಗುವ ರಸ್ತೆ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿ ಅಗಲವಾದಲ್ಲೆಲ್ಲ ಬದಿಯ ಮರಗಳು ಹೋಗುತ್ತವೆ. ಮನೆಮನೆಗೆ ನಳ ಬಂದ ಮೇಲೆ ದಾರಿಬದಿಯ ಬಾವಿಗಳನ್ನು ಕೇಳುವವರಿಲ್ಲ. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್, ಕ್ರೂಸರ್, ಟಿಟಿ ಬಂದವು. ಎರಡು ದಿನದ ದಾರಿ ಎರಡು ತಾಸಿನದಾಯಿತು. ಇನ್ನು ನಡುವೆ ತಂಗುವುದೇಕೆ ಅಂತ ಎಲ್ಲರೂ ಅಂದುಕೊಂಡೆವು.

ಎತ್ತಿಗೆ ದಣಿವಾಗುತ್ತಿತ್ತು, ಇಂಜಿನ್ನಿಗೆ ಆಗೋದಿಲ್ಲ, ಸರಿ. ಆದರೆ ಒಳಗೆ ಕೂತವರಿಗೆ? ಸಕ್ಕರೆ ಕಾಯಿಲೆಯವರಿಗೆ, ಬಸುರಿಗೆ, ಎಳೆ ಕೂಸಿನ ತಾಯಿಗೆ, ತಿಂಗಳ ದಿನಗಳಲ್ಲಿರುವ ಹುಡುಗಿಗೆ? ಅವರಿಗೆ ಇವತ್ತಿಗೂ ಎರಡು ತಾಸಿಗೊಮ್ಮೆ ಒಂದು ಜಾಗ ಬೇಕೇ ಬೇಕು.

ಕ್ಯಾರವಾನ್ ಪಾರ್ಕ್ ಬಂದಿದೆಯಂತಲ್ಲ?

ಬಂದಿದೆ, ಆದರೆ ನಮ್ಮ ಈ ದಾರಿಗಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್ ಮತ್ತು ಅವು ನಿಲ್ಲುವ ಪಾರ್ಕುಗಳಿಗೆಂದು 2010ರಲ್ಲೇ ನೀತಿ ತಂದಿತ್ತು. ಕೇರಳ 2021ರಲ್ಲಿ ತನ್ನದೇ ನೀತಿ ಮಾಡಿ, ಮರುವರ್ಷ ಇಡುಕ್ಕಿ ಜಿಲ್ಲೆಯ ವಾಗಮಣ್‌ನಲ್ಲಿ ಮೊದಲ ಪಾರ್ಕ್ ತೆರೆಯಿತು. ನಮ್ಮ ರಾಜ್ಯದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸದ ಮಾತು ಸೇರಿತ್ತು.

ಪಾರ್ಕ್ ಅಂದರೆ ಬರೀ ಬಯಲು ಜಾಗವಲ್ಲ. ಗಾಡಿಗೆ ಕರೆಂಟಿನ ಪಾಯಿಂಟ್ ಬೇಕು, ಟ್ಯಾಂಕಿಗೆ ಕುಡಿಯುವ ನೀರು ಬೇಕು, ಒಳಗಿನ ಶೌಚಾಲಯದ ಕೊಳೆ ನೀರು ಖಾಲಿ ಮಾಡಲು ಗುಂಡಿ ಬೇಕು, ರಾತ್ರಿ ಕಾವಲು ಬೇಕು. ಹೀಗಾಗಿ ಬೆಂಗಳೂರಿನಿಂದ ಕ್ಯಾರವಾನ್ ಬಾಡಿಗೆಗೆ ಹಿಡಿದು ತವರಿನ ಕಡೆ ಬರೋಣ ಅನ್ನುವವರು ಮೊದಲು ಒಂದು ಪ್ರಶ್ನೆ ಕೇಳಿ: "ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತೆ?" ಹೊಲದ ದಂಡೆಯಲ್ಲೋ ಹಳ್ಳದಲ್ಲೋ ಕೊಳೆ ಟ್ಯಾಂಕ್ ಬಿಚ್ಚುವ ಹಾಗಿಲ್ಲ, ಅದೇ ಹಳ್ಳದ ನೀರನ್ನು ದನಗಳು ಕುಡಿಯುತ್ತವೆ. ಬಾದಾಮಿಯಲ್ಲಿ ಕೆಎಸ್‌ಟಿಡಿಸಿಯ ಮಯೂರ ಚಾಲುಕ್ಯ ಹೋಟೆಲ್ ಇದೆ. ದೊಡ್ಡ ಗಾಡಿ ನಿಲ್ಲಿಸಲು ಆವರಣ ಸಿಗುತ್ತದೆಯೇ ಅಂತ ಹೊರಡುವ ವಾರ ಮೊದಲೇ ಫೋನ್ ಮಾಡಿ ಕೇಳಿ. ಹಿರಿಯರಿಗೆ ಅಲ್ಲೇ ಒಂದು ರೂಮು ಹಿಡಿದರೂ ನಷ್ಟವಿಲ್ಲ.

ನರಗುಂದ, ರೋಣ, ಗಜೇಂದ್ರಗಡ: ಎಲ್ಲಿ ಹೇಗೆ?

ನರಗುಂದ ಕಡೆ: ಹುಬ್ಬಳ್ಳಿ ಕಡೆಯಿಂದ ಬರುವವರು ನರಗುಂದ ಊರೊಳಗೇ ಮೊದಲ ನಿಲುಗಡೆ ಮಾಡಿಕೊಳ್ಳಿ. ಬಸ್ ನಿಲ್ದಾಣ, ಚಹಾದಂಗಡಿ, ಔಷಧಿ ಅಂಗಡಿ ಎಲ್ಲವೂ ಸಿಗುತ್ತವೆ. ಊರು ದಾಟಿದ ಮೇಲೆ ನೆರಳು ನೋಡಿ ನಿಲ್ಲೋಣ ಅಂದರೆ ನಮ್ಮ ಗತಿಯೇ. ಮುಂದೆ ಕೊಣ್ಣೂರು ಹತ್ತಿರ ಮಲಪ್ರಭೆ ಸಿಗುತ್ತಾಳೆ. ಬೇಸಿಗೆಯಲ್ಲಿ ಹೊಳೆಯ ದಂಡೆ ಚೆಂದ, ಆದರೆ ಮಳೆಗಾಲದಲ್ಲಿ ಬೇಡವೇ ಬೇಡ. 2019ರ ಆಗಸ್ಟ್‌ನಲ್ಲಿ ಕೊಣ್ಣೂರು, ಹೊಳೆಆಲೂರು ಕಡೆ ಹೊಳೆ ನುಗ್ಗಿದ್ದು ನಿಮಗೂ ನೆನಪಿರಬಹುದು. ಇಲ್ಲಿ ಮಳೆ ಇಲ್ಲದಿದ್ದರೂ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ.

ರೋಣ ಕಡೆ: ಇದು ಎರಿ ಭೂಮಿ. ಒಣಗಿದ್ದಾಗ ಕಲ್ಲಿನಂತಿರುವ ಮಣ್ಣು ಒಂದು ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಟಿಟಿಯಂಥ ಭಾರದ ಗಾಡಿಯನ್ನು ರಸ್ತೆಯಿಂದ ಹೊಲಕ್ಕೆ ಇಳಿಸಲು ಡ್ರೈವರ್‌ಗೆ ಹೇಳಬೇಡಿ, ಎಳೆಯಲು ಟ್ರ್ಯಾಕ್ಟರೇ ಬರಬೇಕಾಗುತ್ತದೆ. ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ ನೋಡಿಕೊಂಡೇ ಬನ್ನಿ. ಆದರೆ ಹಳೆಯ ಗುಡಿಗಳ ಆವರಣದಲ್ಲಿ ಒಲೆ ಹಚ್ಚುವುದು, ಎಲೆ ಬಿಸಾಡುವುದು ಬೇಡ. ಇಟಗಿ ಭೀಮವ್ವನ ಗುಡಿಗೆ ಹೋಗುವವರು ಡ್ರೈವರ್‌ಗೆ ಸರಿಯಾಗಿ ಹೇಳಿ. ಮಹಾದೇವ ದೇವಾಲಯದ ಇಟಗಿ ಕೊಪ್ಪಳ ಜಿಲ್ಲೆಯಲ್ಲಿದೆ, ಅದು ಬೇರೆ. ಮೊಬೈಲಿನ ನಕ್ಷೆ ನಂಬಿ ಒಂದರ ಬದಲು ಇನ್ನೊಂದಕ್ಕೆ ಹೋದೀರಿ.

ಗಜೇಂದ್ರಗಡ ಕಡೆ: ಗುಡ್ಡದ ಮೇಲೆ ಕೋಟೆ, ಗಾಳಿಯಂತ್ರಗಳು, ಗುಡ್ಡದ ಮಡಿಲಲ್ಲಿ ಕಾಲಕಾಲೇಶ್ವರನ ಗುಡಿ, ಅಲ್ಲಿ ಅಂತರಗಂಗೆಯ ನೀರು. ಗುಡ್ಡದ ಮೇಲೆ ರಾತ್ರಿ ಗಾಡಿ ನಿಲ್ಲಿಸಿ ಮಲಗುವ ಆಸೆ ಹುಡುಗರಿಗಿರುತ್ತದೆ. ಹೆಂಗಸರು, ಮಕ್ಕಳಿದ್ದಾಗ ಊರೊಳಗೆ ತಂಗುವುದೇ ವಾಸಿ. ಬಂದದ್ದಕ್ಕೆ ಇಲ್ಲಿಯ ಪಟ್ಟೇದ ಅಂಚಿನ ಕೈಮಗ್ಗದ ಸೀರೆ ವಿಚಾರಿಸುವುದನ್ನು ಮಾತ್ರ ಮರೆಯಬೇಡಿ!

ಜಾತ್ರೆಯ ಜಾಗ: ಯಲ್ಲಮ್ಮನ ಗುಡ್ಡ, ಬನಶಂಕರಿ ಎರಡೂ ಕಡೆ ಬನದ ಹುಣ್ಣಿಮೆಗೆ ಜನಸಾಗರ. ಹಿಂದಿನ ವರ್ಷ ನಿಂತ ಜಾಗ ಈ ವರ್ಷವೂ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಯಲ್ಲಮ್ಮನ ಕ್ಷೇತ್ರದ ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿ ರಚಿಸಲು 2024ರಲ್ಲಿ ಕಾಯ್ದೆ ಬಂದಿದೆ. ಕೆಲಸ ನಡೆದಂತೆ ವಾಹನ ನಿಲ್ಲುವ, ಅಡುಗೆ ಮಾಡುವ ಜಾಗಗಳೂ ಬದಲಾಗಬಹುದು. ಮೊದಲೇ ಹೋಗಿ ಬಂದ ನೆಂಟರಿಗೆ ಒಂದು ಫೋನ್ ಮಾಡಿ, "ಈ ಸಲ ಗಾಡಿ ಎಲ್ಲಿ ನಿಲ್ಲಸ್ಯಾರ?" ಅಂತ ಕೇಳಿಕೊಂಡೇ ಹೊರಡಿ.

ಹೊರಡುವ ಮುನ್ನ ನೆನಪಿಡಿ

* ಗಾಡಿ ಬುಕ್ ಮಾಡುವ ದಿನವೇ ಒಂದು ಚೀಟಿಯಲ್ಲಿ ನಿಲುಗಡೆ ಬರೆಯಿರಿ. ಒಂದೂವರೆ, ಎರಡು ತಾಸಿಗೊಂದು ಇರಲಿ. ಚೀಟಿಯ ಒಂದು ಪ್ರತಿ ಡ್ರೈವರ್ ಕೈಗೆ ಕೊಡಿ.

* ಪ್ರತಿ ನಿಲುಗಡೆಗೂ ಇನ್ನೊಂದು ಬದಲಿ ಜಾಗ ಇರಲಿ. ನೆಂಟರ ಮನೆಗಿಂತ ಒಳ್ಳೆಯ ನಿಲುಗಡೆ ಇಲ್ಲ. "ಊಟ ಬ್ಯಾಡ, ಹತ್ತು ನಿಮಿಷ ಬಂದು ಹೋಗ್ತೀವಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ.

* ನೀರು ಕಡಿಮೆ ಕುಡಿಯುವುದು ಉಪಾಯವಲ್ಲ. ಹಿರಿಯರ ಕೈಯಲ್ಲಿ ಒಂದು ಬಾಟಲಿ ಕೊಟ್ಟು, ಖಾಲಿಯಾಯಿತೇ ಅಂತ ನೀವೇ ನೋಡುತ್ತಿರಿ. ಮಜ್ಜಿಗೆ ಒಯ್ಯಿರಿ.

* ಒಂದು ಮಡಚುವ ಸ್ಟೂಲು, ಎರಡು ಹಳೆಯ ಸೀರೆ, ಕ್ಲಿಪ್ಪು, ಸಾಬೂನು, ಒಂದು ಕೊಡ ಬಳಸುವ ನೀರು, ಹಳೆಯ ಪೇಪರ್, ಟಾರ್ಚು ಇವು ಒಂದೇ ಚೀಲದಲ್ಲಿ, ಕೈಗೆ ಸಿಗುವಂತಿರಲಿ. ಗಾಡಿಯ ಎರಡು ಬಾಗಿಲಿಗೆ ಸೀರೆ ಕಟ್ಟಿದರೆ ಮರೆಯಾಯಿತು.

* ಗಾಡಿಯೊಳಗೆ ಗ್ಯಾಸ್ ಒಲೆ ಹಚ್ಚಬೇಡಿ. ಗಾಳಿಯಿರುವ ಬಯಲಲ್ಲಿ, ಒಣ ಹುಲ್ಲು, ಹೊಟ್ಟಿನ ಬಣವೆಯಿಂದ ದೂರ ಹಚ್ಚಿ. ಒಂದು ದಿನದ ದಾರಿಗೆ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಮಾದ್ಲಿ ಇದ್ದರೆ ಒಲೆಯ ಗೊಡವೆಯೇ ಇಲ್ಲ.

* ಕತ್ತಲಾಗುವ ಒಂದು ತಾಸು ಮೊದಲೇ ರಾತ್ರಿ ತಂಗುವ ಜಾಗ ಸೇರಿ.

* ಯಾರದೇ ಹೊಲದಂಚಿನಲ್ಲಿ ನಿಂತರೂ ಕೇಳಿ ನಿಲ್ಲಿ. ಹೋಗುವಾಗ ಪ್ಲಾಸ್ಟಿಕ್ ತಟ್ಟೆ, ಲೋಟ, ಮಕ್ಕಳ ಡಯಪರ್ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ವಾಪಸ್ ಒಯ್ಯಿರಿ. ನಾವು ಹೊಲಸು ಮಾಡಿದ ಜಾಗಕ್ಕೇ ಮುಂದಿನ ವರ್ಷ ಬೇಲಿ ಬೀಳುತ್ತದೆ.

ಊರ ಹೆಂಗಸರಿಗೂ ಒಂದು ಮಾತು

ಬ್ರಿಟನ್ನಿನಲ್ಲಿ ಕ್ಯಾರವಾನ್ ಹವ್ಯಾಸ ಹಳೆಯದು. ಅಲ್ಲಿ ದೊಡ್ಡ ಪಾರ್ಕುಗಳ ಜೊತೆಗೆ, ರೈತರ ಜಮೀನಿನ ಮೂಲೆಯಲ್ಲಿ ಐದೇ ಗಾಡಿ ನಿಲ್ಲುವಂಥ ಸಣ್ಣ ತಾಣಗಳೂ ಇವೆ. ನಳದ ನೀರು, ಕೊಳೆ ಸುರಿಯುವ ಗುಂಡಿ, ಹಸಿರು ಬಯಲು, ಅಷ್ಟೇ. ರೈತನ ಮನೆಗೆ ನಾಲ್ಕು ಕಾಸು ಬರುತ್ತದೆ.

ನಮ್ಮ ನರಗುಂದ, ರೋಣದ ದಾರಿಯಲ್ಲಿ ಇದು ಯಾಕಾಗಬಾರದು? ರಸ್ತೆ ಬದಿಗೆ ಹೊಲವಿರುವವರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಎರಡು ಶುಚಿಯಾದ ಶೌಚಾಲಯ, ನೀರಿನ ಟ್ಯಾಂಕು, ನಾಲ್ಕು ಬೇವಿನ ಮರದ ನೆರಳು ಮಾಡಿಟ್ಟು, ಬಿಸಿ ರೊಟ್ಟಿ ಬಡಿದು ಕೊಟ್ಟರೆ ತಲೆಗೆ ಇಷ್ಟು ಅಂತ ಕೊಟ್ಟು ನಿಲ್ಲಲು ನಮ್ಮಂಥ ಎಷ್ಟೋ ಮನೆಯವರು ತಯಾರಿದ್ದೇವೆ. ಪಂಚಾಯಿತಿಯವರ ಮುಂದೆ ಈ ಮಾತು ಎತ್ತಿ ನೋಡಿ. ಕೋಟಿಗಟ್ಟಲೆ ಯೋಜನೆ ಬರುವ ತನಕ ಕಾಯಬೇಕಿಲ್ಲ.

ಈ ವರ್ಷ ನಾವು ಮತ್ತೆ ಬನಶಂಕರಿಗೆ ಹೋದೆವು. ಈ ಸಲ ಚೀಟಿ ಬರೆದದ್ದು ನಾನು, ಊರುಗಳ ಹೆಸರು ಹೇಳಿದ್ದು ಅತ್ತೆ. ನರಗುಂದದಲ್ಲಿ ದೂರದ ನೆಂಟರ ಮನೆಯ ಪಡಸಾಲೆಯಲ್ಲಿ ಬುತ್ತಿ ಬಿಚ್ಚಿದೆವು. ಅವರು ಕಟ್ಟಿನ ಸಾರು ಬಿಸಿ ಮಾಡಿ ಬಡಿಸಿದರು. ಅತ್ತೆ ಹೊರಡುವಾಗ ಚೊಂಬು ತುಂಬ ನೀರು ಕುಡಿದು, "ಮುಂದಿನ ಊರು ಯಾವುದು ಬರದೀ?" ಅಂತ ಕೇಳಿ, ನಿಶ್ಚಿಂತೆಯಿಂದ ಗಾಡಿ ಹತ್ತಿದರು.