ಲಾರೆಡೋದಲ್ಲಿ ಗೆದ್ದ ಎಂಜಿನ್ ಸಿಗ್ನಲ್‌ನಲ್ಲಿ ಸೋಲುವುದೇಕೆ?

2005ರ ಏಪ್ರಿಲ್. ಅಮೆರಿಕದ ಟೆಕ್ಸಾಸ್ ರಾಜ್ಯದ ಲಾರೆಡೋ ಬಳಿ, ವಾಹನಗಳ ಪರೀಕ್ಷೆಗೆಂದೇ ಕಟ್ಟಿದ ವರ್ತುಲ ರಸ್ತೆಯಲ್ಲಿ ಮೂರು ಮರ್ಸಿಡಿಸ್ ಇ 320 ಸಿಡಿಐ ಕಾರುಗಳು ಓಟ ಶುರುಮಾಡಿದವು. ಮೂವತ್ತು ದಿನ, ಹಗಲಿರುಳೆನ್ನದೆ ಓಟ. ಡೀಸೆಲ್ ತುಂಬಿಸಲು, ಚಾಲಕರು ಬದಲಾಗಲು, ಸರ್ವೀಸಿಗೆ ಮಾತ್ರ ನಿಲುಗಡೆ. ಒಂದು ಲಕ್ಷ ಮೈಲಿ, ಅಂದರೆ 1,60,000 ಕಿ.ಮೀ.ಗೂ ಹೆಚ್ಚಿನ ದೂರವನ್ನು ಗಂಟೆಗೆ ಸರಾಸರಿ 224.8 ಕಿ.ಮೀ. ವೇಗದಲ್ಲಿ ಮುಗಿಸಿ ವಿಶ್ವದಾಖಲೆ ಬರೆದವು.

ಆ ಕಾರುಗಳಲ್ಲಿದ್ದ ಮೂರು ಲೀಟರ್, ಆರು ಸಿಲಿಂಡರಿನ ಎಂಜಿನ್ನಿಗೆ ಕಂಪನಿ ಕೊಟ್ಟ ಸಂಕೇತ ಒಎಂ 642. ಅದೇ ಎಂಜಿನ್ನನ್ನು ತುಸು ಸೌಮ್ಯಗೊಳಿಸಿ, 190 ಅಶ್ವಶಕ್ತಿಗೆ ಇಳಿಸಿ ಕೂರಿಸಿದ ಇ 280 ಸಿಡಿಐ ಭಾರತದಲ್ಲೂ ಮಾರಾಟವಾಯಿತು. ಪುಣೆಯಲ್ಲಿ ಜೋಡಣೆಯಾದ ಆ ಪೀಳಿಗೆಯ ಕಾರು ಇವತ್ತು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಹೊಸ ಸಣ್ಣ ಕಾರಿನ ಬೆಲೆಗೆ ಸಿಗುತ್ತದೆ. ಮೀಟರು 80,000 ಕಿ.ಮೀ. ತೋರಿಸುತ್ತಿದೆ ಎನ್ನೋಣ. ಲಾರೆಡೋದ ಕಾರು ಹದಿನೈದು ದಿನದಲ್ಲಿ ಓಡಿದಷ್ಟು ದೂರವಷ್ಟೆ. ಹಾಗಿದ್ದೂ ಅನುಭವಿ ಮೆಕ್ಯಾನಿಕ್ ಆ ಸಂಖ್ಯೆ ನೋಡಿ ಹಿಗ್ಗುವುದಿಲ್ಲ. ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಓಡಿದ ಕಾರು ಎಲ್ಲಿ ಓಡಿತು, ಎಷ್ಟು ಹೊತ್ತು ನಿಂತಿತ್ತು ಎಂಬುದು ಅವನ ಮೊದಲ ಪ್ರಶ್ನೆ.

ಡೀಸೆಲ್ ಎಂಜಿನ್ನಿನ ಜೀವಾಳ ಬಿಸಿ. ಅದರಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಒಳಗೆಳೆದ ಗಾಳಿಯನ್ನು ಪಿಸ್ಟನ್ ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿಬಿಡುತ್ತದೆ. ಸೈಕಲ್ ಪಂಪು ಒತ್ತುವಾಗ ಅದರ ತುದಿ ಬೆಚ್ಚಗಾಗುತ್ತದಲ್ಲ, ಅದೇ ತತ್ತ್ವ. ಹಾಗೆ ಕಾದ ಗಾಳಿಗೆ ಇಂಜೆಕ್ಟರು ಡೀಸೆಲ್ಲನ್ನು ಚಿಮ್ಮಿಸಿದ ಕ್ಷಣವೇ ಅದು ತಾನಾಗಿ ಉರಿಯುತ್ತದೆ. ಈ ಎಂಜಿನ್ನಿನಲ್ಲಿ ಚಿಮ್ಮುವ ಒತ್ತಡ 1,600 ಬಾರ್‌ವರೆಗೆ ಏರುತ್ತದೆ. ಕಾರಿನ ಟೈರಿನಲ್ಲಿರುವ ಒತ್ತಡ ಎರಡೂವರೆ ಬಾರ್ ಆಸುಪಾಸು. ಇಷ್ಟನ್ನು ತಡೆದುಕೊಳ್ಳಬೇಕೆಂದು ಕ್ರ್ಯಾಂಕು, ಬೇರಿಂಗು, ಪಿಸ್ಟನ್ನುಗಳನ್ನು ಗಟ್ಟಿಮುಟ್ಟಾಗಿಯೇ ಮಾಡಿರುತ್ತಾರೆ. ಲಾರೆಡೋದಲ್ಲಿ ಇವೆಲ್ಲಕ್ಕೂ ಬೇಕಾದ ವಾತಾವರಣವಿತ್ತು: ಒಮ್ಮೆ ಕಾದ ಆಯಿಲ್ ತಿಂಗಳಿಡೀ ಕಾದೇ ಇತ್ತು, ತಣ್ಣಗಿನ ಎಂಜಿನ್ನನ್ನು ಮತ್ತೆ ಮತ್ತೆ ಎಬ್ಬಿಸುವ ಪ್ರಸಂಗವೇ ಇರಲಿಲ್ಲ.

ಜಯನಗರದಿಂದ ಮೆಜೆಸ್ಟಿಕ್‌ಗೆ ಹೋಗಿ ಬರುವ ಕಾರಿನ ಕತೆ ಬೇರೆ. ಆಯಿಲ್ ಸರಿಯಾಗಿ ಬಿಸಿಯಾಗುವ ಹೊತ್ತಿಗೆ ಕೀಲಿ ತಿರುಗಿಸಿ ಇಳಿದಾಗಿರುತ್ತದೆ. ಸಿಗ್ನಲ್‌ನಲ್ಲಿ ನಿಂತು ಗುನುಗುವಾಗ ಇಜಿಆರ್ ಎಂಬ ಕವಾಟ ತೆರೆದು, ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೇ ಉಣಿಸುತ್ತದೆ. ಉರಿಯ ತಾಪ ತಗ್ಗಿಸಿ, ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡುವ ಒಳ್ಳೆಯ ಉಪಾಯವದು. ಆದರೆ ಹೊಗೆಯ ಮಸಿಗೆ ಕ್ರ್ಯಾಂಕ್‌ಕೇಸಿನಿಂದ ಬರುವ ಆಯಿಲ್ ಆವಿ ಕೂಡಿಕೊಂಡರೆ ಡಾಂಬರಿನಂಥ ಅಂಟು ತಯಾರಾಗುತ್ತದೆ. ಗಾಳಿ ಹೋಗುವ ದಾರಿ ಕಟ್ಟುತ್ತಾ ಬರುತ್ತದೆ. ಅಲ್ಲಿ ಗಾಳಿಯನ್ನು ಸುಳಿಯಾಗಿಸುವ ಪುಟ್ಟ ರೆಕ್ಕೆಗಳು ಬಿಗಿದುಕೊಳ್ಳುತ್ತವೆ. ಮಸಿ ಹಿಡಿಯುವ ಫಿಲ್ಟರ್ ಇರುವ ಕಾರಾದರೆ ಇನ್ನೂ ಒಂದು ತೊಡಕು: ಅದರಲ್ಲಿ ಸೇರಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹೆದ್ದಾರಿಯ ಉದ್ದನೆಯ ಓಟದಲ್ಲಿ ಆ ಕೆಲಸ ಸಲೀಸು, ಊರೊಳಗಿನ ಐದು ಕಿ.ಮೀ. ಓಡಾಟದಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ.

ಒಎಂ 642 ಬಲ್ಲವರೆಲ್ಲ ಹೇಳುವ ಒಂದು ಕಾಯಿಲೆಯಿದೆ, ಇಡೀ ಕಾರಿನ ಖರ್ಚಿನ ಗುಟ್ಟು ಅದರಲ್ಲೇ ಅಡಗಿದೆ. ಆರು ಸಿಲಿಂಡರುಗಳು ಮೂರು ಮೂರಾಗಿ ಎರಡು ಸಾಲಿನಲ್ಲಿ, ತೆರೆದ ಪುಸ್ತಕದಂತೆ ಓರೆಯಾಗಿ ನಿಂತಿವೆ. ಆಯಿಲ್ ತಣಿಸುವ ಕೂಲರ್ ಇರುವುದು ಆ ಎರಡು ಸಾಲುಗಳ ನಡುವಿನ ಕಣಿವೆಯ ತಳದಲ್ಲಿ. ಅದರ ಮೇಲೆ ಗಾಳಿಯ ಮ್ಯಾನಿಫೋಲ್ಡು, ಹಿಂದೆಯೇ ಟರ್ಬೊ. ಎಂಜಿನ್ನಿನಲ್ಲಿ ಬಿಸಿ ಸುಲಭಕ್ಕೆ ಆರದ ಜಾಗವೇ ಅದು. ಕೂಲರಿನ ಕೆಳಗಿನ ರಬ್ಬರು ಸೀಲುಗಳು ವರ್ಷಗಟ್ಟಲೆ ಕಾದು, ಆರಿ, ಮತ್ತೆ ಕಾದು ಗಡುಸಾಗುತ್ತವೆ. ಒಂದು ದಿನ ಆಯಿಲ್ ಜಿನುಗತೊಡಗಿ ಕಣಿವೆಯಲ್ಲಿ ಕೆರೆ ಕಟ್ಟುತ್ತದೆ. ಅಲ್ಲಿಂದ ಹಿಂಬದಿಗೆ ಹರಿದು, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವಲ್ಲಿ ತೊಟ್ಟಿಕ್ಕುತ್ತದೆ. ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆ ಎಂದುಕೊಂಡು ಗೇರ್‌ಬಾಕ್ಸ್ ಇಳಿಸಿ, ಹಣ ಕಳೆದುಕೊಂಡು, ಸೋರಿಕೆ ಮಾತ್ರ ಹಾಗೇ ಉಳಿಯುವುದುಂಟು.

ಸೀಲಿನ ಬೆಲೆ ಅತ್ತ ಇರಲಿ. ಅದನ್ನು ಮುಟ್ಟಬೇಕಾದರೆ ಟರ್ಬೊ, ಮ್ಯಾನಿಫೋಲ್ಡು, ಪೈಪು, ತಂತಿ ಎಲ್ಲವನ್ನೂ ಬಿಚ್ಚಬೇಕು. ನುರಿತ ಕೈಗೂ ಒಂದೂವರೆ, ಎರಡು ದಿನದ ಕೆಲಸ. ಟರ್ಬೊದ ಗಾಳಿ ಬಾಯಿಯಲ್ಲಿ ಇಂಥದೇ ಇನ್ನೊಂದು ಸೀಲಿದೆ. ಅದು ಸವೆದರೆ ಆಯಿಲ್ ಹನಿಗಳು ಕೆಳಗಿರುವ ಸುಳಿರೆಕ್ಕೆಯ ಮೋಟಾರಿನ ಮೇಲೇ ಬೀಳುತ್ತವೆ. ಮೋಟಾರು ಕೆಟ್ಟೊಡನೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ, ಕಾರು ಎಳೆಯುವುದನ್ನು ಬಿಡುತ್ತದೆ. ಮಾಲೀಕನಿಗೆ ಎಂಜಿನ್ನೇ ಹೋಯಿತೆಂಬ ಗಾಬರಿ. ಎಂಜಿನ್ನಿನ ಒಡಲು ಇನ್ನೂ ಗಟ್ಟಿಯಾಗಿರುತ್ತದೆ, ಅದನ್ನು ಸುತ್ತುವರಿದ ರಬ್ಬರು, ಪ್ಲಾಸ್ಟಿಕ್ಕು, ವಿದ್ಯುತ್ ಭಾಗಗಳಿಗೆ ಮಾತ್ರ ವಯಸ್ಸಾಗಿರುತ್ತದೆ.

ಹಳೆಯ ದುಬಾರಿ ಕಾರು ಕೊಳ್ಳುವವರು ಎಡವುವುದು ಇಲ್ಲೇ. ಕಾರಿನ ಬೆಲೆ ಇಳಿದರೂ ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ವರ್ಷಕ್ಕೆ 10,000 ಕಿ.ಮೀ. ಓಡಿಸಿ, ಲೀಟರಿಗೆ ಹತ್ತು ಕಿ.ಮೀ., ಡೀಸೆಲ್ 90 ರೂಪಾಯಿ ಎಂದು ಹಿಡಿದರೆ ಇಂಧನಕ್ಕೆ 90,000 ರೂಪಾಯಿ. ಇದು ಎಲ್ಲರೂ ಮೊದಲೇ ಹಾಕುವ ಲೆಕ್ಕ. ಕೆಲವರು ಎಂಟು ಲೀಟರಿನಷ್ಟು ಹಿಡಿಯುವ ಎಂಜಿನ್ ಆಯಿಲನ್ನೂ ಸೇರಿಸುತ್ತಾರೆ. ಪೀಜೋ ಇಂಜೆಕ್ಟರುಗಳನ್ನು ಯಾರೂ ಸೇರಿಸುವುದಿಲ್ಲ. ಹರಳೊಂದಕ್ಕೆ ವಿದ್ಯುತ್ ಹರಿಸಿದಾಗ ಅದು ಕೂದಲೆಳೆಗಿಂತ ಕಡಿಮೆ ಹಿಗ್ಗಿ ಡೀಸೆಲ್ಲಿನ ದಾರಿ ತೆರೆಯುವ ಈ ಸೂಕ್ಷ್ಮ ಸಾಧನ ಕೆಟ್ಟರೆ ರಿಪೇರಿ ಕಷ್ಟ, ಹೊಸದನ್ನೇ ಹಾಕಬೇಕಾಗಿ ಬರುತ್ತದೆ. ಇರುವುದು ಆರು.

ಕಾಗದಪತ್ರದ ಬಾಬತ್ತೂ ಇದೆ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು 2015ರಲ್ಲಿ ಹಸಿರು ನ್ಯಾಯಮಂಡಳಿ ತಡೆದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿನ ಎಷ್ಟೋ ಕಾರುಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳ ದಾರಿ ಹಿಡಿದವು. ಕರ್ನಾಟಕಕ್ಕೆ ತಂದವರು ಎನ್‌ಒಸಿ ಜೊತೆಗೆ ಇಲ್ಲಿನ ಜೀವಾವಧಿ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟಾದರೂ ಇದು ಕೊಳ್ಳಬಾರದ ಕಾರೇನಲ್ಲ. ವಾರಕ್ಕೊಮ್ಮೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ ಬರುವವರಿಗೆ ಇಷ್ಟು ನೆಮ್ಮದಿಯ ಸವಾರಿ ಈ ಬೆಲೆಗೆ ಬೇರೆಡೆ ಸಿಗುವುದು ಕಷ್ಟ. ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಬೇಕು, ಎಂಜಿನ್ನನ್ನು ಮೊದಲೇ ಬಿಸಿಮಾಡಿ ಇಡಬೇಡಿ ಎಂದು ಹೇಳಿರಬೇಕು. ತಣ್ಣಗಿನ ಸ್ಟಾರ್ಟಿನಲ್ಲಿ ಇಂಜೆಕ್ಟರಿನ ದೋಷ ಸದ್ದಾಗಿ ಕೇಳುತ್ತದೆ. ಮೀಟರ್ ತಿರುಗಿಸಿದ ಅನುಮಾನವಿದ್ದರೆ ಸ್ಕ್ಯಾನರ್ ಹಾಕಿಸಿ ಉಳಿದ ಕಂಪ್ಯೂಟರುಗಳಲ್ಲಿ ದಾಖಲಾದ ಕಿ.ಮೀ. ತಾಳೆ ನೋಡಬಹುದು. ಆಮೇಲೆ ಕಾರನ್ನು ಲಿಫ್ಟಿಗೇರಿಸಿ, ಗೇರ್‌ಬಾಕ್ಸ್ ಕೂಡುವ ಜಾಗಕ್ಕೆ ಟಾರ್ಚು ಬಿಡಬೇಕು. ಒದ್ದೆಯಿದ್ದರೆ ಕೂಲರಿನ ಕೆಲಸದ ಮೊತ್ತವನ್ನು ಬೆಲೆಯಲ್ಲಿ ಕಳೆಯಲು ಕೇಳಬಹುದು. ಒಣಗಿದ್ದರೆ ಹಳೆಯ ಬಿಲ್ಲುಗಳನ್ನು ತೆಗೆಸಿ, ಆ ಸೀಲು ಯಾವ ವರ್ಷ ಬದಲಾಯಿತೆಂದು ಹುಡುಕಬೇಕು. ಕಂಪನಿ ಮೊದಲು ಹಾಕುತ್ತಿದ್ದದ್ದು ಕಿತ್ತಳೆ ಬಣ್ಣದ್ದು. ಬಿಸಿಗೆ ಹೆಚ್ಚು ತಾಳುವಂತೆ ಆಮೇಲೆ ಬಂದದ್ದು ನೇರಳೆ.