ಮೌನವಾಗಿರುವ ಮೋಟಾರು

ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಗೆ ಇನ್ನೊಂದು ಅರ್ಥವುಂಟೆಂದು ನಾನು ಕಲಿತುದು ಸೋದರಮಾವನವರ ಹೈಬ್ರಿಡ್ ಕಾರಿನಿಂದ. ಒಂದು ಸಂಜೆ ಅವರು ಮನೆಯ ಮುಂದೆ ಕಾರು ನಿಲ್ಲಿಸಿದರು. ಸದ್ದು ಅಡಗಿದುದರಿಂದ ಕಾರು ಆರಿತೆಂದೇ ಎಣಿಸಿ ಬ್ರೇಕಿನಿಂದ ಕಾಲು ತೆಗೆದರು. ಗೇರು ‘ಡಿ’ಯಲ್ಲಿಯೇ ಇತ್ತು, ಕಾರು ಮೆಲ್ಲನೆ ಮುಂದೆ ಸರಿಯಿತು. ಅವರು ಗಾಬರಿಯಿಂದ ಮತ್ತೆ ಬ್ರೇಕನ್ನೊತ್ತಿದಾಗ, ಜಗಲಿಯ ಮುಂದೆ ಆಡುತ್ತಿದ್ದ ನನ್ನ ತಂಗಿಗೂ ಕಾರಿಗೂ ನಡುವೆ ಉಳಿದಿದ್ದುದು ಒಂದೇ ಮೊಳ.

ಇದರ ಕಾರಣ ಸರಳವಾದುದು. 1997ರಲ್ಲಿ ಟೊಯೊಟ ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೇಲೆ ಹಬ್ಬಿದ, ಇಂದು ನಮ್ಮ ಬಿಡದಿಯಲ್ಲಿಯೂ ತಯಾರಾಗುವ ಇಂತಹ ಕಾರುಗಳಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಉಂಟು. ಎಂಜಿನ್ ನಿಂತರೂ ಮೋಟಾರು ಚಕ್ರವನ್ನು ತಿರುಗಿಸಬಲ್ಲದು. ಬ್ಯಾಟರಿಯ ಶಕ್ತಿ ಕುಂದಿದಾಗ ಎಂಜಿನ್ ತಾನಾಗಿಯೇ ಚಾಲೂ ಆಗುತ್ತದೆ. ಆದುದರಿಂದ ಮುಚ್ಚಿದ ಷೆಡ್ಡಿನಲ್ಲಿ ಕಾರನ್ನು ಆರಿಸದೆ ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೇ ಅಪಾಯ. ಇಳಿಯುವ ಮುನ್ನ ಗೇರನ್ನು ‘ಪಿ’ಗೆ ಹಾಕಿ, ಗುಂಡಿಯನ್ನೊತ್ತಿ, ‘ರೆಡಿ’ ದೀಪ ಆರಿತೇ ಎಂದು ನೋಡತಕ್ಕದ್ದು.

ದುರಸ್ತಿಯಲ್ಲಿಯೂ ಇದೇ ಎಚ್ಚರ ಬೇಕು. ಬಾನೆಟ್ಟಿನೊಳಗಿನ ಕಿತ್ತಳೆ ಬಣ್ಣದ ತಂತಿಗಳಲ್ಲಿ 200 ವೋಲ್ಟ್ ಅಥವಾ ಅದಕ್ಕೂ ಮಿಗಿಲಾದ ವಿದ್ಯುತ್ತು ಹರಿಯಬಹುದು. ತರಬೇತಿಯಿಲ್ಲದವರು ಅವನ್ನು ಮುಟ್ಟಲೇಬಾರದು. ಅನೇಕ ಕಾರುಗಳಲ್ಲಿ ಬ್ಯಾಟರಿಯನ್ನು ತಣಿಸುವ ಗಾಳಿಕಿಂಡಿ ಹಿಂದಿನ ಸೀಟಿನ ಬಳಿ ಇರುತ್ತದೆ. ಅದಕ್ಕೆ ಚೀಲ, ಹೊದಿಕೆ ಅಡ್ಡವಿಟ್ಟರೆ ಬ್ಯಾಟರಿ ಕಾದು ಕೆಡುತ್ತದೆ.

ಇಲ್ಲಿ ಕಿವಿಯನ್ನು ನಂಬುವಂತಿಲ್ಲ, ಕಣ್ಣನ್ನೇ ನಂಬಬೇಕು. ಮಾವನವರು ಈಗ ಇಳಿಯುವ ಮುನ್ನ ಆ ದೀಪವನ್ನು ಎರಡು ಸಲ ನೋಡುತ್ತಾರೆ.