ಗೊರೆಟ್ಟಿಯ ಕತೆಯನ್ನು ಮಕ್ಕಳಿಗೆ ಹೇಗೆ ಹೇಳಬೇಕು?

ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಗೊರೆಟ್ಟಿ ಎಂಬ ಹೆಸರು ಹೊಸದಲ್ಲ. ನನ್ನ ಚಿಕ್ಕಮ್ಮನ ಹೆಸರೂ ಅದೇ. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸುವ ನನಗೆ, ಆ ಹೆಸರಿನ ಸಂತಳ ಕತೆಯನ್ನು ಹೇಗೆ ಹೇಳಬೇಕೆಂಬುದು ಸಣ್ಣ ವಿಷಯವಲ್ಲ.

ಮರಿಯಾ ಗೊರೆಟ್ಟಿ ಇಟಲಿಯ ಬಡ ಗೇಣಿದಾರರ ಮಗಳು. 1900ರಲ್ಲಿ ಅಪ್ಪ ಮಲೇರಿಯಾದಿಂದ ತೀರಿಕೊಂಡ. ಅಮ್ಮ ಅಸುಂತಾ ಹೊಲದ ದುಡಿಮೆಗಿಳಿದಳು. ಮನೆಗೆಲಸ, ಮಕ್ಕಳ ಆರೈಕೆ ಮರಿಯಾಳ ಪಾಲಿಗೆ ಬಂತು. ಅದೇ ಮನೆಯಲ್ಲಿ ಬಿಡಾರವಿದ್ದ ಇನ್ನೊಂದು ಕುಟುಂಬದ ಹುಡುಗ ಅಲೆಸ್ಸಾಂಡ್ರೊ ಸೆರೆನೆಲ್ಲಿಗೆ 20 ವರ್ಷ. 1902ರ ಜುಲೈ 5ರಂದು ಅವಳು ಪುಟ್ಟ ತಂಗಿಯನ್ನು ನೋಡಿಕೊಳ್ಳುತ್ತ, ಅವನದೇ ಅಂಗಿ ಹೊಲಿಯುತ್ತ ಕೂತಿದ್ದಳು. ಅವನು ಅತ್ಯಾಚಾರ ಮಾಡಲೆಂದು ಒಳಗೆಳೆದ. ಅವಳು ಒಪ್ಪಲಿಲ್ಲ. 14 ಬಾರಿ ಇರಿದ. ಮರುದಿನ ಆಸ್ಪತ್ರೆಯಲ್ಲಿ, ಅವನನ್ನು ಕ್ಷಮಿಸಿದ್ದೇನೆ ಎಂದು ಹೇಳಿ ಪ್ರಾಣಬಿಟ್ಟಳು. ಆಗ ಅವಳಿಗೆ ಬರೀ 11 ವರ್ಷ.

1950ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅವಳಿಗೆ ಸಂತ ಪದವಿ ಕೊಟ್ಟರು. ಶೀಲಕ್ಕಾಗಿ ಜೀವ ತೆತ್ತವಳು ಎಂದೇ ಅವಳು ಹೆಸರಾದಳು. ಸ್ತ್ರೀವಾದಿಗಳ ತಕರಾರು ಇಲ್ಲೇ. ಸಾವಿನಿಂದಲೇ ಪಾವಿತ್ರ್ಯ ಉಳಿಯುವುದಾದರೆ, ಬದುಕಿ ಉಳಿದವಳು ಏನಾಗಬೇಕು? ಹೆದರಿಕೆಯಿಂದ ದನಿಯೇ ಹೊರಡದ ಮಗು ಅಪವಿತ್ರವೇ? 410ರಲ್ಲಿ ರೋಮ್ ಲೂಟಿಯಾದಾಗ ಅತ್ಯಾಚಾರಕ್ಕೊಳಗಾದ ಹೆಂಗಸರ ಬಗ್ಗೆ ಬರೆಯುತ್ತ ಸಂತ ಅಗಸ್ಟೀನರು, ಮನಸ್ಸು ಒಪ್ಪದ ಕೃತ್ಯದಿಂದ ಶೀಲ ಕೆಡದು ಎಂದಿದ್ದರು. ಆ ಮಾತನ್ನು ನಾನು ಯಾವ ಪ್ರವಚನದಲ್ಲೂ ಕೇಳಿಲ್ಲ.

ಇಂಥ ಕತೆಗಳ ಜೊತೆಗೇ ಬರುವ, ನೋವು ಸಹಿಸುವುದೇ ಪುಣ್ಯ ಎಂಬ ಬೋಧನೆಯನ್ನು ಅಮೆರಿಕದ ದೈವಶಾಸ್ತ್ರಜ್ಞೆಯರಾದ ಜೋಆನ್ ಕಾರ್ಲ್‌ಸನ್ ಬ್ರೌನ್ ಮತ್ತು ರೆಬೆಕಾ ಪಾರ್ಕರ್ 1989ರಲ್ಲಿ ನೇರವಾಗಿ ಪ್ರಶ್ನಿಸಿದರು. ಯೇಸುವಿನ ಸಂಕಟವನ್ನು ಹಾಡಿ ಹೊಗಳುತ್ತ ಹೋದರೆ ಏಟು ತಿನ್ನುವ ಹೆಂಗಸು ಅದೇ ಮನೆಯಲ್ಲಿ ಉಳಿಯುವುದೇ ಭಕ್ತಿ ಎಂದುಕೊಳ್ಳುತ್ತಾಳೆ ಎಂಬುದು ಅವರ ವಾದ. ‘ಇದು ನಿನ್ನ ಶಿಲುಬೆ, ಹೊತ್ತುಕೋ’ ಎಂಬ ಬುದ್ಧಿಮಾತು ನಮ್ಮೂರಿನ ಹೆಣ್ಣುಮಕ್ಕಳೂ ಕೇಳಿದ್ದೇ.

ಆದರೆ ಸುವಾರ್ತೆಯ ಯೇಸು ಹಾಗೆ ಹೇಳಿದವನಲ್ಲ. 18 ವರ್ಷ ಬೆನ್ನು ಬಾಗಿದ್ದ ಹೆಂಗಸನ್ನು ಕಂಡಾಗ, ಸಹಿಸಿಕೋ ಎನ್ನಲಿಲ್ಲ. ಸಬ್ಬತ್ ದಿನವೆಂದೂ ನೋಡದೆ ಅವಳನ್ನು ನೆಟ್ಟಗೆ ನಿಲ್ಲಿಸಿದ. ಗೊರೆಟ್ಟಿಯನ್ನು ನಾನು ಈ ಬೆಳಕಿನಲ್ಲೇ ಓದುತ್ತೇನೆ. ಅವಳ ದೊಡ್ಡತನ ಇರಿತದ ಗಾಯಗಳಲ್ಲಿಲ್ಲ, ತಾಯಿಗೆ ಹೆಗಲು ಕೊಟ್ಟ ಬದುಕಿನಲ್ಲಿದೆ, ತಾನಾಗಿಯೇ ಕೊಟ್ಟ ಕ್ಷಮೆಯಲ್ಲಿದೆ. ಆ ಕ್ಷಮೆ ಶಿಕ್ಷೆಯನ್ನೇನೂ ಅಳಿಸಲಿಲ್ಲ. ಅಲೆಸ್ಸಾಂಡ್ರೊ 27 ವರ್ಷ ಜೈಲಿನಲ್ಲಿದ್ದ. ಕ್ಷಮಿಸು ಎಂದು ನೊಂದವಳನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ.

ಅವಳ ಹಬ್ಬ ಜುಲೈ 6. ಆ ವಾರ ಮಕ್ಕಳಿಗೆ ನಾನು ಹೇಳುವುದಿಷ್ಟು: ತಪ್ಪು ಅವನದು. ಯಾರಾದರೂ ನಿಮ್ಮನ್ನು ಮುಟ್ಟಬಾರದಂತೆ ಮುಟ್ಟಿದರೆ ಕೂಗಿ, ಓಡಿ, ನಂಬಿಕಸ್ಥರಿಗೆ ಹೇಳಿ, 1098ಕ್ಕೆ ಫೋನ್ ಮಾಡಿ. ಕೂಗಲು ಆಗದಿದ್ದರೂ ನೀವು ದೇವರಿಗೆ ಅಷ್ಟೇ ಪ್ರೀತಿಯ ಮಕ್ಕಳು. ನೀವು ಬದುಕಬೇಕು.